ಅಳತೆ ಪುಸ್ತಕ ಯಾರ ಕೈಯಲ್ಲಿರಬೇಕು?

 

ನಾನು ವಕೀಲನಲ್ಲ, ಭೀಮಾ ದಂಡೆಯಲ್ಲಿ ಕಾಲುವೆ ಅಳೆದ ನಿವೃತ್ತ ಎಂಜಿನಿಯರ್. ಕೋರ್ಟಿನ ಕಟ್ಟೆ ಹತ್ತಿದ್ದು ಸರ್ಕಾರದ ಸಾಕ್ಷಿಯಾಗಿ. ಅಫಜಲಪುರ ತಾಲ್ಲೂಕಿನ ರೈತನೊಬ್ಬ ಕಾಲುವೆಗೆ ಹೋದ ಹೊಲಕ್ಕೆ ಪರಿಹಾರ ಸಾಲದೆಂದು ದಾವೆ ಹೂಡಿದ್ದ. ನಮ್ಮ ದರವೇ ಸರಿ ಎಂದೆ. ನ್ಯಾಯಾಧೀಶರು ಕಡತ ತಿರುವಿ, ಬಾವಿ ಇರುವ ಹೊಲವನ್ನು ಒಣಭೂಮಿ ಎಂದು ಬರೆದಿದ್ದೀರಲ್ಲ ಎಂದರು. ಸಹಿ ನನ್ನದೇ. ಪರಿಹಾರ ಹೆಚ್ಚಾಯಿತು. ಅವತ್ತು ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆ ನ್ಯಾಯಾಧೀಶರ ನೇಮಕವೂ ಬಡ್ತಿಯೂ ನಮ್ಮ ಇಲಾಖೆಯ ಕೈಯಲ್ಲೇ ಇದ್ದಿದ್ದರೆ ರೈತನ ಗತಿ ಏನು ಎಂದು ಹೊಳೆದದ್ದು ನಿವೃತ್ತಿಯ ಮೇಲೆ.

ದಿಲ್ಲಿಯಲ್ಲಿ ಹಾಗೆ ಆಗಿಹೋಗಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು 7-6ರ ಬಹುಮತದಿಂದ, ಸಂಸತ್ತು ಸಂವಿಧಾನದ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಮರುದಿನವೇ ಬಹುಮತದಲ್ಲಿದ್ದ ಮೂವರು ಹಿರಿಯರನ್ನು, ಶೇಲತ್, ನಮ್ಮ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ, ಗ್ರೋವರ್ ಅವರನ್ನು, ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ರೇ ಅಲ್ಪಮತದವರು. ಮೂವರೂ ರಾಜೀನಾಮೆ ಕೊಟ್ಟರು. ತುರ್ತುಪರಿಸ್ಥಿತಿಯಲ್ಲಿ ಒಬ್ಬರೇ ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರಿಗೂ 1977ರಲ್ಲಿ ಇದೇ ಆಯಿತು.

ಕಾಮಗಾರಿ ಮಾಡಿದ ಗುತ್ತಿಗೆದಾರನೇ ಅಳತೆ ಪುಸ್ತಕ ಬರೆಯಬಾರದೆಂಬುದು ನಮ್ಮ ಇಲಾಖೆಯ ಮೊದಲ ಪಾಠ. ಕೋರ್ಟುಗಳಲ್ಲಿ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ಬಸವಣ್ಣನವರು ಬಿಜ್ಜಳನ ಭಂಡಾರಿ, ನಿಜ. ಆದರೆ ಶೂನ್ಯಸಿಂಹಾಸನಕ್ಕೆ ಅಲ್ಲಮಪ್ರಭುಗಳನ್ನು ಕೂರಿಸಿದ್ದು ಅರಸನ ಅಪ್ಪಣೆಯಿಂದಲ್ಲ.

1993ರ ತೀರ್ಪಿನ ಮೇಲೆ ಹೆಸರು ಸೂಚಿಸುವ ಕೆಲಸ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂಗೆ ಬಂತು. ಅದರ ಬದಲಿಗೆ ಸಂಸತ್ತು ತಂದ ಆಯೋಗವನ್ನು 2015ರಲ್ಲಿ ಕೋರ್ಟೇ ರದ್ದು ಮಾಡಿತು. ಕೊಲಿಜಿಯಂ ಮುಚ್ಚಿದ ಬಾಗಿಲಿನ ಸಭೆ ಎಂಬ ದೂರು ಸರಿಯೇ. ಅನುಭವ ಮಂಟಪದ ವಾರಸುದಾರರಾದ ನಾವು ಅದನ್ನು ಒಪ್ಪಬೇಕಿಲ್ಲ. ಆದರೆ ಬಾಗಿಲು ತೆರೆಯಿರಿ ಎನ್ನುವುದು ಬೇರೆ, ಬೀಗದ ಕೈ ಸರ್ಕಾರಕ್ಕೆ ಕೊಡಿ ಎನ್ನುವುದು ಬೇರೆ.

ಈಗಿನ ಉಪಾಯ ಕಡತ ಹಿಡಿದಿಡುವುದು. ಒಲ್ಲೆ ಎನ್ನಬೇಕಿಲ್ಲ, ಸುಮ್ಮನಿದ್ದರೆ ಸಾಕು. ಅದರ ಬಲ ನನಗೆ ಗೊತ್ತು, ನಾನೂ ಕಡತ ಹಿಡಿದು ಕೂತವನೇ. 2008ರವರೆಗೆ ಜೇವರ್ಗಿಯ ರೈತ ಹೈಕೋರ್ಟಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಹೋರಾಡಿ ಕಲಬುರಗಿಗೆ ಪೀಠ ತಂದೆವು, 2013ರಲ್ಲಿ ಅದು ಕಾಯಂ ಆಯಿತು. ಕುರ್ಚಿ ಖಾಲಿ ಇಟ್ಟರೆ ಆ ಕಟ್ಟಡದಿಂದ ಅವನಿಗೇನು ಬಂತು? ಸೂಚಿಸಿದ ಹೆಸರಿಗೆ ಇಂತಿಷ್ಟೇ ದಿನದಲ್ಲಿ ಕಾರಣಸಹಿತ ಉತ್ತರ ಕೊಡಬೇಕೆಂದು ನಾವು ಕೇಳೋಣ. ನಿಮ್ಮ ಸಂಸದರು ಮಠಕ್ಕೆ ಬಂದಾಗ ಶಾಲು ಹೊದಿಸುವ ಮೊದಲೇ ಕೇಳಿ.