ನಮ್ಮನ್ನು ಕೇಳದೆ ಬದಲಾದ ಟೆಲಿಫೋನು
(ಬೆಳುಗುಪ್ಪದಲ್ಲಿ ತೋಟದ ಕೆಲಸದ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳು)



ಕೂಲಿಯ ವಿಷಯ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಟೆಲಿಫೋನಿನ ವಿಷಯ ಎತ್ತಿಕೊಂಡಿದ್ದೇನೆ. ಅದೂ ಕೂಲಿಯ ವಿಷಯವೇ. ತೋಟಕ್ಕೆ ಹೋದವರು ಲೈನ್ ಮನೆಯಿಂದ ಊರಿನ ತಂದೆತಾಯಿಗಳ ದನಿ ಕೇಳುವುದು ಅದರಲ್ಲೇ. ಸಂಬಳ ಬ್ಯಾಂಕಿಗೆ ಬಿತ್ತೆಂಬ ಸುದ್ದಿ ಬರುವುದೂ ಅದರಲ್ಲೇ.

ಹಿಂದೊಮ್ಮೆ ಒಬ್ಬ ತಾಯಿ ನನ್ನ ಬಳಿ ಬಂದು, "ಅಯ್ಯನವರೇ, ದುಡ್ಡು ಹಾಕಿಸಿದ ಮಾರನೆಯ ದಿನವೇ ಖಾಲಿ, ನಾನು ಯಾರಿಗೂ ಫೋನು ಮಾಡಿಲ್ಲ" ಎಂದರು. ವಿಚಾರಿಸಿದರೆ ಹಾಡಿನ ಸೇವೆಯೊಂದು, ಜಾತಕದ ಸೇವೆಯೊಂದು ಅವರ ನಂಬರಿಗೆ ಅಂಟಿಕೊಂಡಿದ್ದವು. ಪ್ರಾರ್ಥನೆ ತಪ್ಪಿಸದ ಹೆಂಗಸಿಗೆ ದಿನಕ್ಕೊಂದು ಜಾತಕ! ನಗಬೇಡಿ. ಆಕೆ ತನ್ನದೇ ತಪ್ಪೆಂದು ತಿಳಿದು ಮೂರು ತಿಂಗಳು ಗಂಡನಿಗೂ ಹೇಳಿರಲಿಲ್ಲ.

ತಪ್ಪು ಅವರದಲ್ಲ. ಇಂಥ ಸೇವೆ ಸೇರಿಸುವ ಮೊದಲು ಗ್ರಾಹಕನ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಆಜ್ಞೆ ಮಾಡಿದೆ. ಬೇಡವಾದ ಸೇವೆ ನಿಲ್ಲಿಸಲು 155223 ಎಂಬ ನಂಬರು ಇದೆ.

ಇದಕ್ಕಿಂತ ದೊಡ್ಡದು 2017ರಲ್ಲಿ ನಡೆಯಿತು. ಸಿಮ್ಮಿಗೆ ಆಧಾರ್ ಜೋಡಿಸಲೆಂದು ಜನ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರು. ಅದೇ ಒತ್ತಿನಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಅನೇಕರಿಗೆ ತಿಳಿಯದಂತೆ ಖಾತೆ ತೆರೆಯಲಾಯಿತು. ಗ್ಯಾಸ್ ಸಬ್ಸಿಡಿ ಕಡೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುವ ಏರ್ಪಾಡಾದ್ದರಿಂದ ಹಣ ಅಲ್ಲಿಗೆ ಹರಿಯಿತು. ಮನೆಯವರು ಗ್ಯಾಸ್ ಏಜೆನ್ಸಿಗೆ ಅಲೆದರು, ಬ್ಯಾಂಕಿಗೆ ಅಲೆದರು. ಫೋನಿನ ಅಂಗಡಿಯನ್ನು ಯಾರು ತಾನೆ ಅನುಮಾನಿಸಿಯಾರು? ಜನ ದೂರಿದ ಮೇಲೆ ಆ ಡಿಸೆಂಬರಿನಲ್ಲಿ ಆಧಾರ್ ಪ್ರಾಧಿಕಾರವು ಕಂಪನಿಯ ಪರಿಶೀಲನಾ ಅಧಿಕಾರವನ್ನು ತಡೆಹಿಡಿಯಿತು. ಸುಮಾರು 190 ಕೋಟಿ ರೂಪಾಯಿ ಹಿಂತಿರುಗಿಸುವುದಾಗಿ ಕಂಪನಿ ಒಪ್ಪಿತು. 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಆ ಪೇಮೆಂಟ್ಸ್ ಬ್ಯಾಂಕಿಗೆ 5 ಕೋಟಿ ದಂಡ ಹಾಕಿತು. ಆದುದರಿಂದ ಹೆಬ್ಬೆಟ್ಟು ಒತ್ತುವ ಮುಂಚೆ, "ಇದು ಯಾವುದಕ್ಕೆ? ಓದಿ ಹೇಳಪ್ಪ" ಎಂದು ಕೇಳಿರಿ. ಅಂಗಡಿಯವನು ಮುಖ ಸಿಂಡರಿಸಲಿ.

ದೂರು ಕೊಡುವುದು ಹೀಗೆ. ಮೊದಲು ಕಂಪನಿಯ ದೂರಿನ ನಂಬರಾದ 198ಕ್ಕೆ ಫೋನು ಮಾಡಿರಿ. ಅವರು ಕೊಡುವ ದೂರಿನ ಸಂಖ್ಯೆಯನ್ನು ದಿನಾಂಕದ ಸಮೇತ ಬರೆದುಕೊಳ್ಳಿರಿ. ಮಕ್ಕಳ ಶಾಲೆಯ ಪುಸ್ತಕದ ಹಿಂಬದಿಯಾದರೂ ಸಾಕು, ಆದರೆ ಬರೆಯದೆ ಇರಬೇಡಿರಿ. ಆ ಸಂಖ್ಯೆ ಮುಂದೆ ಬೇಕಾಗುತ್ತದೆ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಗೆ 30 ದಿನದೊಳಗೆ ಬರೆಯಬಹುದು. 2012ರ ನಿಯಮದ ಪ್ರಕಾರ ಆತ 39 ದಿನದಲ್ಲಿ ತೀರ್ಮಾನ ಕೊಡಬೇಕು. ಅದಕ್ಕೆ ಫೀಜು ಇಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನಿಮ್ಮಂಥವರಿಗೆ ಇದರಲ್ಲೊಂದು ಅನುಕೂಲವಿದೆ. 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೂ, ಕೆಲಸ ಮಾಡುವ ಜಿಲ್ಲೆಯಲ್ಲೂ ದೂರು ಕೊಡಬಹುದು. ಊರಲ್ಲಿದ್ದರೆ ಅನಂತಪುರದಲ್ಲಿ, ಕೊಡಗಿನ ತೋಟದಲ್ಲಿದ್ದರೆ ಮಡಿಕೇರಿಯಲ್ಲಿ. ವಕೀಲರು ಇರಲೇಬೇಕೆಂದಿಲ್ಲ.

ಅಹಮದಾಬಾದಿನ ಗ್ರಾಹಕರೊಬ್ಬರಿಗೆ ಒಂದೇ ತಿಂಗಳಿಗೆ 24,000ಕ್ಕೂ ಮೀರಿದ ಬಿಲ್ಲು ಬಂದಿತ್ತು. ಅವರು 2014ರಲ್ಲಿ ದೂರು ಕೊಟ್ಟರು. ಇಂಥ ದೂರು ಗ್ರಾಹಕರ ನ್ಯಾಯಾಲಯಕ್ಕೆ ಬರಕೂಡದೆಂದು ಕಂಪನಿಯು ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. 2022ರ ಫೆಬ್ರವರಿಯಲ್ಲಿ ಕಂಪನಿಯೇ ಸೋತಿತು. ಬಾಗಿಲು ತೆರೆದಿದೆಯೋ ಇಲ್ಲವೋ ಎಂಬುದಕ್ಕೇ ಎಂಟು ವರುಷ! ಲೂಕನ ಸುವಾರ್ತೆಯ ವಿಧವೆ ನ್ಯಾಯಾಧಿಪತಿಯ ಮನೆಗೆ ಎಷ್ಟು ದಿನ ನಡೆದಳೆಂದು ಬರೆದಿಲ್ಲ, ಆದರೆ ನಡೆಯುವುದನ್ನು ನಿಲ್ಲಿಸಲಿಲ್ಲ.

ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ಸಿಮ್ಮುಗಳಿವೆಯೇ ಎಂಬುದನ್ನು 2023ರಲ್ಲಿ ಸರ್ಕಾರ ಆರಂಭಿಸಿದ ಸಂಚಾರ್ ಸಾಥಿಯಲ್ಲಿ ನೋಡಬಹುದು. ಓದು ಬಲ್ಲ ನಮ್ಮ ಯುವಕರು ಊಟವಾದ ಮೇಲೆ ಹೊರಗೆ ಬೇವಿನ ಮರದಡಿ ಕೂತಿರುತ್ತಾರೆ. ಫೋನು ತೆಗೆದುಕೊಂಡು ಹೋಗಿರಿ. ಆ ತಾಯಿಯೂ ಇಲ್ಲೇ ಇದ್ದಾರೆ. ಮೊದಲ ಸರದಿ ಅವರದು.