ತಾಂಬೂಲದ ತಟ್ಟೆಯಲ್ಲಿ ಎರಡು ಜೀವಗಳು

ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಹೊಳೆಹೊನ್ನೂರಿನಲ್ಲಿ ಅಡಿಕೆ ವ್ಯಾಪಾರಕ್ಕೆ ಕುಳಿತವನು.

ನಾಲ್ಕನೆಯ ತೀರ್ಥಂಕರರಾದ ಅಭಿನಂದನನಾಥ ಸ್ವಾಮಿಯವರ ಲಾಂಛನ ಕಪಿ. ಇಪ್ಪತ್ತೆರಡನೆಯವರಾದ ನೇಮಿನಾಥ ಸ್ವಾಮಿಯವರದು ಶಂಖ. ಕಪಿಗೆ ಐದು ಇಂದ್ರಿಯಗಳುಂಟು, ಮನಸ್ಸೂ ಉಂಟು. ಶಂಖ, ಚಿಪ್ಪುಗಳಿಗೆ ಸ್ಪರ್ಶ ಮತ್ತು ರಸನೆ ಎರಡೇ. ಆದರೂ ತ್ರಸಜೀವಗಳನ್ನು ಹೇಳುವಾಗ 'ದ್ರವ್ಯಸಂಗ್ರಹ'ವು ಹೆಸರಿಸಿರುವುದು ಶಂಖವನ್ನೇ.

ಈ ಎರಡೂ ಬಗೆಯ ಜೀವಗಳು ಒಂದೇ ಹೊಳೆಯನ್ನು ಆಶ್ರಯಿಸಿರುವುದನ್ನು ನೋಡಬೇಕಾದರೆ ನೆರೆಯ ಉತ್ತರ ಕನ್ನಡಕ್ಕೆ ಹೋಗಬೇಕು. ಶಿರಸಿಯ ಕಡೆ ಹುಟ್ಟಿ ಕುಮಟೆಯ ಬಳಿ ಕಡಲು ಸೇರುವ ಅಘನಾಶಿನಿಯ ಕಣಿವೆಯ ಕಾಡಿನಲ್ಲಿ ಸಿಂಗಳೀಕವಿದೆ. ಅಳಿವೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯಿದೆ. ಕಪ್ಪು ಮೈ, ಬೆಳ್ಳಿಯಂಥ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲದ ಸಿಂಗಳೀಕವು ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲ. ಅದು ಒಂದು ಬಾರಿಗೆ ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಮುಂದಿನದಕ್ಕೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಬಳಚಾದರೋ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಸಿಂಗಳೀಕವನ್ನು ಕೊಲ್ಲಲು ಕೋವಿಯೇ ಬೇಕೆಂದಿಲ್ಲ. ಮರದಿಂದ ಮರಕ್ಕೆ ಸಾಗುವ ಅದಕ್ಕೆ ನಡುವಿನ ಹಸಿರು ಚಪ್ಪರ ಕಡಿದುಹೋದರೆ ಸಾಕು, ಆಹಾರದ ದಾರಿಯೇ ಮುಚ್ಚಿತು.

2019ರಲ್ಲಿ ಸರ್ಕಾರವು ಶರಾವತಿ, ಅಘನಾಶಿನಿ ಸೀಮೆಯ ಕಾಡುಗಳನ್ನು ಕೂಡಿಸಿ ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವನ್ನು ಮಾಡಿತು. ಅಘನಾಶಿನಿಯ ಅಳಿವೆಗೂ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು. ಸಂತೋಷವೇ. ಆದರೆ ವಿರಳವಾದುದಕ್ಕೆ ಮರುಗುವ ನಾವು ಹೇರಳವಾದುದನ್ನು ಜೀವವೆಂದೇ ಎಣಿಸುವುದಿಲ್ಲ. ಬಳಚನ್ನು ಯಾರೂ ತಲೆಯೆಣಿಸಿ ಹೇಳುವುದಿಲ್ಲ, ಬುಟ್ಟಿಯ ಲೆಕ್ಕದಲ್ಲಿ ಹೇಳುತ್ತಾರೆ. ಇಳಿತದ ಹೊತ್ತಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಅದನ್ನು ಹೆಕ್ಕುವ ಬಡ ಹೆಂಗಸರನ್ನು ನಾನು ದೂರುತ್ತಿಲ್ಲ. ಅವರಿಗೆ ಅದೇ ಅನ್ನ.

ನಾನು ದೂರಬೇಕಾದುದು ನನ್ನ ಅಂಗಡಿಯನ್ನೇ. ತಾಂಬೂಲದ ತಟ್ಟೆಯಲ್ಲಿ ಅಡಿಕೆಯೂ ಇದೆ, ಚಿಪ್ಪು ಸುಟ್ಟ ಸುಣ್ಣವೂ ಇದೆ. ಮೂವತ್ತು ವರ್ಷ ಅಡಿಕೆ ತೂಗಿದ ನಾನು, ತೋಟವು ಯಾವ ಕಾಡಿನ ಅಂಚನ್ನು ನುಂಗಿ ಬೆಳೆಯಿತೆಂದು ಒಬ್ಬ ಬೆಳೆಗಾರರನ್ನೂ ಕೇಳಿದವನಲ್ಲ. ತೇವವೆಷ್ಟು, ಬಣ್ಣವೇನು ಎಂದಷ್ಟೇ ಕೇಳಿದೆ.

ನಮ್ಮ ತಾಯಿಯವರು ಎಲೆಗೆ ಚಿಪ್ಪಿನ ಸುಣ್ಣ ಹಚ್ಚುತ್ತಿರಲಿಲ್ಲ, ಕಲ್ಲುಸುಣ್ಣವೇ ಆಗಬೇಕಿತ್ತು. ಕಾರಣ ಕೇಳಿದರೆ, "ಅದು ಒಂದು ಜೀವದ ಮನೆಯಾಗಿತ್ತಪ್ಪ" ಎನ್ನುತ್ತಿದ್ದರು. ಅಂದು ನಾನು ನಕ್ಕಿದ್ದೆ.