ಚಹದ ಎಲೆಯೂ ನೆಲನೆಲ್ಲಿಯ ಪೊಟ್ಟಣವೂ



ಬ್ಯಾಂಕಿನ ಗುಮಾಸ್ತರಾದ ನಾವು ಗಿಡಮೂಲಿಕೆಗಳ ವಿಷಯವಾಗಿ ಮಾತನಾಡಲು ಎದ್ದು ನಿಂತುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗೆ ಬಂದಿರಬಹುದು. ನಾವು ಓದಿದ್ದು ಬಿ.ಕಾಂ.; ಜಮಾ-ಖರ್ಚಿನ ಶಾಸ್ತ್ರ ಬಲ್ಲೆವೇ ಹೊರತು ಸಸ್ಯಶಾಸ್ತ್ರವನ್ನಲ್ಲ. ಆದರೆ ಉಪ್ಪಲ್‌ನಲ್ಲಿ ಮನೆ ಮಾಡಿದವರು ಈ ವಿಷಯದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಒಂದು ಕಡೆ ಬೋಡುಪ್ಪಲ್‌ನಲ್ಲಿ ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯ ಸಂಶೋಧನ ಕೇಂದ್ರವಿದೆ. ಇನ್ನೊಂದು ಕಡೆ, ಹಬ್ಸಿಗುಡದ ಹಾದಿಯಲ್ಲಿ, ಜೀವಕೋಶದ ಒಳಗುಟ್ಟನ್ನು ಶೋಧಿಸುವ ಸಿ.ಸಿ.ಎಂ.ಬಿ. ಇದೆ. ಇವೆರಡರ ನಡುವೆ ಇರಾನಿ ಚಹದ ಅಂಗಡಿಗಳಿಗಂತೂ ಲೆಕ್ಕವಿಲ್ಲ.

ಚಹದಿಂದಲೇ ಆರಂಭಿಸೋಣ. ಹಸಿರು ಚಹಾ, ಕಪ್ಪು ಚಹಾ, ಬಿಳಿಯ ಚಹಾ ಎಂದು ಅಂಗಡಿಯಲ್ಲಿ ಎಷ್ಟೋ ಹೆಸರುಗಳನ್ನು ಕಾಣುತ್ತೇವೆ. ಇವೆಲ್ಲ ಬೇರೆ ಬೇರೆ ಗಿಡಗಳೆಂದು ನಾವೂ ಬಹುಕಾಲ ನಂಬಿದ್ದೆವು. ಇದು ನಾಚಿಕೊಳ್ಳಬೇಕಾದ ಮಾತಲ್ಲ. ಸಸ್ಯಗಳಿಗೆ ಹೆಸರಿಡುವ ಪದ್ಧತಿಯನ್ನೇ ಕಟ್ಟಿಕೊಟ್ಟ ಲಿನೇಯಸ್ ಮಹಾಶಯನು 1762ರಲ್ಲಿ ಕಪ್ಪು ಚಹಕ್ಕೆ ಒಂದು, ಹಸಿರು ಚಹಕ್ಕೆ ಇನ್ನೊಂದು ಎಂದು ಎರಡು ಜಾತಿಗಳನ್ನೇ ಬರೆದಿಟ್ಟನು. 1840ರ ದಶಕದಲ್ಲಿ ರಾಬರ್ಟ್ ಫಾರ್ಚೂನ್ ಎಂಬವನು ಚೀನದ ತೋಟಗಳನ್ನು ಸುತ್ತಿ, ಎರಡೂ ಒಂದೇ ಗಿಡದ ಎಲೆಗಳೆಂದು ಕಂಡುಬಂದನು. ಆ ಗಿಡವೇ ಕೆಮೆಲಿಯ ಸೈನೆನ್ಸಿಸ್. ಸಣ್ಣ ಎಲೆಯ ಚೀನೀ ಬಗೆ, ದೊಡ್ಡ ಎಲೆಯ ಅಸ್ಸಾಮಿ ಬಗೆ ಎಂಬ ಒಳಭೇದವುಂಟು. ಜಾತಿ ಮಾತ್ರ ಒಂದೇ.

ಹಾಗಾದರೆ ಬಣ್ಣ, ರುಚಿಗಳ ಅಂತರ ಎಲ್ಲಿಂದ ಬಂತು? ಎಳೆಯ ಚಹದ ಎಲೆಯಲ್ಲಿ ಕ್ಯಾಟೆಚಿನ್‌ಗಳೆಂಬ ಒಗರು ವಸ್ತುಗಳು ಹೇರಳವಾಗಿವೆ. ಅದೇ ಎಲೆಯಲ್ಲಿ ಅವನ್ನು ಮಾರ್ಪಡಿಸಬಲ್ಲ ಒಂದು ಕಿಣ್ವವೂ ಇದೆ. ಎಲೆ ಗಿಡದಲ್ಲಿರುವವರೆಗೆ ಇವೆರಡೂ ಅಕ್ಕಪಕ್ಕದ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡಿರುತ್ತವೆ. ಎಲೆಯನ್ನು ಬಾಡಿಸಿ ಹೊಸೆದರೆ ಗೋಡೆ ಒಡೆದು ಒಂದನ್ನೊಂದು ಕೂಡುತ್ತವೆ. ಗಾಳಿಯ ಆಮ್ಲಜನಕವೂ ಸೇರಿ ಕೆಂಪು, ಕಂದು ಬಣ್ಣದ ಥಿಯಾಫ್ಲೇವಿನ್ ಮೊದಲಾದುವು ಹುಟ್ಟುತ್ತವೆ. ಇದೇ ನಮ್ಮ ಇರಾನಿ ಹೋಟೆಲಿನವನು ಮುಚ್ಚಿದ ಪಾತ್ರೆಯಲ್ಲಿ ಕುದಿಸಿ, ಬೇರೆಯಾಗಿ ಕಾಸಿದ ಗಟ್ಟಿ ಹಾಲಿಗೆ ಬೆರೆಸುವ ಕಪ್ಪು ಚಹಾ. ಕಿತ್ತ ಕೂಡಲೆ ಎಲೆಗೆ ಹಬೆಯನ್ನೋ ಬಾಣಲೆಯ ಬಿಸಿಯನ್ನೋ ತಾಕಿಸಿದರೆ ಕಿಣ್ವ ಸಾಯುತ್ತದೆ, ಎಲೆ ಹಸಿರಾಗಿಯೇ ಉಳಿಯುತ್ತದೆ.

ಚಹದ ವಂಶವಾಹಿಗಳ ಪೂರ್ಣ ಪಾಠವನ್ನು ಚೀನದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಸುಮಾರು 300 ಕೋಟಿ ಅಕ್ಷರಗಳ ಗ್ರಂಥವದು. ಮನುಷ್ಯನದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಸಂಘದ ಮೈಸೂರು ಕಡೆಯ ಬಂಧುಗಳು ಕಾಫಿ ಬಿಟ್ಟು ಚಹಾ ಹಿಡಿದರೆ ಪಕ್ಷಾಂತರವೆಂದು ನಾವು ಹಾಸ್ಯ ಮಾಡುವುದುಂಟು. ಎರಡರಲ್ಲಿಯೂ ಇರುವುದು ಅದೇ ಕೆಫೀನು. ಆದರೆ ಅದನ್ನು ತಯಾರಿಸುವ ಕಿಣ್ವಗಳನ್ನು ಈ ಎರಡು ಗಿಡಗಳೂ ಬೇರೆ ಬೇರೆಯಾಗಿ ಸಂಪಾದಿಸಿಕೊಂಡವೆಂದು 2014ರಲ್ಲಿ ಕಾಫಿಯ ವಂಶವಾಹಿಗಳನ್ನು ಓದಿದಾಗ ತಿಳಿದುಬಂತು. ಇದು ಮಾತಿಗೆ ಬಂದ ಮಾತು.

ಚಹದಲ್ಲಿ ಗಿಡ ಒಂದು, ಹೆಸರು ಹಲವು. ಇದರಿಂದ ಯಾರಿಗೂ ಕೇಡಿಲ್ಲ. ಹೆಸರು ಒಂದಾಗಿ ಗಿಡ ಹಲವಾದಾಗ ಏನಾಗುತ್ತದೆಂಬುದನ್ನು ನಾವು ಮನೆಯಲ್ಲಿಯೇ ಕಂಡೆವು.

ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಮ್ಮ ಹುಡುಗನಿಗೆ ಕಾಮಾಲೆಯಾಯಿತು. ಕಣ್ಣು ಅರಿಸಿನದಂತೆ ಹಳದಿ. ಅನ್ನ ಕಂಡರೆ ವಾಂತಿ. ನಮ್ಮ ತಾಯಿಯವರು ಲಿಂಗಸುಗೂರಿನ ಕಡೆಯವರು. ಅವರು, “ವೈದ್ಯರ ಕಡೆ ಹೋಗ್ರಿ, ಬ್ಯಾಡ ಅನ್ನಂಗಿಲ್ಲ, ಬರುವಾಗ ಒಂದಿಷ್ಟು ನೆಲನೆಲ್ಲಿ ತರ್ರಿ” ಎಂದರು. ಪೇಟೆಯ ಒಂದು ಗ್ರಂಥಿಗೆ ಅಂಗಡಿಯಲ್ಲಿ ಕೇಳಿ, ಒಣಗಿದ ಸೊಪ್ಪಿನ ಪೊಟ್ಟಣ ತಂದೆವು. ತಾಯಿಯವರು ಅದನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು, ಕನ್ನಡಕ ಏರಿಸಿ, ಕಡ್ಡಿ ಕಡ್ಡಿಯಾಗಿ ಬೇರ್ಪಡಿಸತೊಡಗಿದರು. ಒಂದು ರಾಶಿಯ ಕಾಯಿ ನುಣುಪು, ಅದಕ್ಕೊಂದು ಸಣ್ಣ ತೊಟ್ಟು. ಇನ್ನೊಂದು ರಾಶಿಯ ಕಡ್ಡಿ ಕೆಂಪು, ಕಾಯಿ ಉರುಟು ಉರುಟು, ತೊಟ್ಟೇ ಇಲ್ಲ. “ಇದು ಅದಲ್ಲ” ಎಂದರು. ನಾವು ಮರಳಿ ಅಂಗಡಿಗೆ ಹೋದಾಗ ಆ ಮನುಷ್ಯ ಎರಡನ್ನೂ ನೋಡಿ, “ಎಲ್ಲಾ ನೇಲ ಉಸಿರಿಯೇ ಸಾರ್” ಎಂದುಬಿಟ್ಟನು. ಅವನು ಸುಳ್ಳು ಹೇಳಲಿಲ್ಲವೆಂದೇ ನಮ್ಮ ಭಾವನೆ. ಅವನಿಗೆ ಬಂದ ಮೂಟೆಯ ಮೇಲೆ ಬರೆದಿದ್ದುದು ಅದೇ ಹೆಸರು.

ಈ ಬೆರಕೆ ನಮ್ಮೊಬ್ಬರ ಅನುಭವವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶ್ರೀರಾಮ, ಉಮಾಶಂಕರ ಮೊದಲಾದ ವಿದ್ವಾಂಸರು ದಕ್ಷಿಣ ಭಾರತದ 25 ಅಂಗಡಿಗಳಿಂದ ಇದೇ ಮೂಲಿಕೆಯನ್ನು ತರಿಸಿ ಪರೀಕ್ಷಿಸಿ, ಫಲವನ್ನು 2010ರಲ್ಲಿ ಪ್ರಕಟಿಸಿದರು. ನೂರಕ್ಕೆ 76 ಪಾಲು ಮಾದರಿಗಳು ನಿಜವಾದ ನೆಲನೆಲ್ಲಿ, ಎಂದರೆ ಫಿಲಾಂಥಸ್ ಅಮಾರಸ್. ಉಳಿದ 24 ಪಾಲಿನಲ್ಲಿ ಅದರ ಐದು ದಾಯಾದಿಗಳು ಕಾಣಿಸಿಕೊಂಡವು. ಮುಕ್ಕಾಲು ಪಾಲು ಸರಿಯಿದ್ದುದು ಸಮಾಧಾನದ ಸಂಗತಿಯೇ. ಆದರೆ ನಾಲ್ಕು ಚೆಕ್ಕುಗಳಲ್ಲಿ ಒಂದು ತಪ್ಪು ಖಾತೆಗೆ ಹೋಗುವ ಬ್ಯಾಂಕಿನಲ್ಲಿ ತಾವು ಹಣವಿಡುವಿರಾ?

ಗಿಡ ಹಸಿಯಾಗಿದ್ದಾಗ ಗುರುತು ಕಷ್ಟವಲ್ಲ. ಅಮಾರಸಿನ ಹೂವಿಗೆ ಐದು ಎಸಳು, ಅದರ ನಿಕಟ ಬಂಧುವಾದ ಫ್ರೆಟರ್ನಸಿಗೆ ಆರು. ಒಣಗಿ ಪುಡಿಯಾದ ಮೇಲೆ ಎಸಳೆಲ್ಲಿ, ಕಾಯಿಯೆಲ್ಲಿ! ಆಗ ಉಳಿಯುವುದು ವಂಶವಾಹಿಯ ಸಾಕ್ಷಿ. ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಖಾತೆದಾರರಿದ್ದರೆ ನಮೂನೆ ಸಹಿಯ ಕಾರ್ಡನ್ನು ತೆಗೆದು ನೋಡುತ್ತೇವಲ್ಲವೆ? ಎಲೆಯ ಹಸಿರಿನ ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಲ್ಲಿರುವ ಡಿ.ಎನ್.ಎ.ಯ ಒಂದು ತುಣುಕು ಅಂಥ ಸಹಿ. ಜಾತಿಯಿಂದ ಜಾತಿಗೆ ಅದರ ಅಕ್ಷರಗಳು ಬದಲಾಗುತ್ತವೆ. ಬೆಂಗಳೂರಿನವರು ನೋಡಿದ್ದು ಅದನ್ನೇ.

ದಾಯಾದಿಯಾದರೇನು, ಗುಣ ಒಂದೇ ಇದ್ದೀತು ಎನ್ನಬಹುದು. ಹಾಗೆ ನಂಬುವಂತಿಲ್ಲ. ಫಿಲಾಂಥಿನ್ ಎಂಬ ವಸ್ತು ಅಮಾರಸಿನಲ್ಲಿ ಹೇರಳ. ಬಂಧುಗಳೆಲ್ಲರಲ್ಲಿ ಅದೇ ಮಟ್ಟದಲ್ಲಿಲ್ಲ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಅವರೂ ನೊಬೆಲ್ ಪುರಸ್ಕೃತರಾದ ಬ್ಲಂಬರ್ಗ್ ಅವರೂ ಕೂಡಿ, ಹೆಪಟೈಟಿಸ್ ‘ಬಿ’ ವೈರಾಣುವನ್ನು ಹೊತ್ತಿದ್ದ 37 ಜನರಿಗೆ ಅಮಾರಸಿನ ಪುಡಿ ಕೊಟ್ಟಾಗ 22 ಜನರ ರಕ್ತದಲ್ಲಿ ವೈರಾಣುವಿನ ಗುರುತು ಕಾಣೆಯಾಯಿತೆಂದು ವರದಿ ಮಾಡಿದರು. ಲೋಕವೆಲ್ಲ ಕಿವಿ ನಿಮಿರಿಸಿತು. ಬಳಿಕ ಥಾಯ್ಲೆಂಡಿನಲ್ಲಿ ಮಾಡಿದ ಪ್ರಯೋಗ ಆ ಫಲ ಕೊಡಲಿಲ್ಲ. ಬೆಳೆದ ನೆಲ, ಕೊಯ್ದ ಕಾಲ ಬೇರೆಯಾದುದು ಕಾರಣವೋ, ಮೊದಲಿನ ಫಲವೇ ಕೆಲವೇ ರೋಗಿಗಳಿಂದ ಬಂದ ಆಕಸ್ಮಿಕವೋ ಎಂಬ ವಾದ ಎದ್ದಿತು. ಚಹದ ತೋಟದಲ್ಲಿ ಆರಿಸಿದ ಗಿಡದ ಕಡ್ಡಿಯನ್ನೇ ನೆಟ್ಟು ಗುಣವನ್ನು ಒಂದೇ ಸಮನಾಗಿ ಕಾಯುತ್ತಾರೆ. ನೆಲನೆಲ್ಲಿಯೋ ಹೊಲದ ಬದುವಿನ ಕಳೆ. ಕೈಗೆ ಸಿಕ್ಕಿದ್ದು ಮೂಟೆ ಸೇರುತ್ತದೆ. ಲಾಭ ಹುಟ್ಟುವ ಗಿಡಕ್ಕೆ ಇಷ್ಟು ಉಪಚಾರ, ರೋಗಿಯ ಬಾಯಿಗೆ ಹೋಗುವ ಗಿಡಕ್ಕೆ ಇಷ್ಟು ಉದಾಸೀನ. ಇದು ನಮಗೆ ಸರಿಯೆನಿಸುವುದಿಲ್ಲ.

ನಮ್ಮ ಹುಡುಗನ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ‘ಎ’ ಎಂದು ಬಂತು. ಕೆಟ್ಟ ನೀರಿನಿಂದ ಬರುವ ಕಾಮಾಲೆ. ವೈದ್ಯರು ವಿಶ್ರಾಂತಿ, ಕಾಯಿಸಿದ ನೀರು, ಹಗುರವಾದ ಊಟ ಎಂದರು. ಬೇರೆ ಮದ್ದು ಬೇಡವೆಂದರು. ಪೊಟ್ಟಣ ಅಲಮಾರಿನ ಮೇಲೆಯೇ ಉಳಿಯಿತು. ಮೂರು ವಾರಗಳಲ್ಲಿ ಕಣ್ಣು ತಿಳಿಯಾಯಿತು. ಅಂದು ಆ ಸೊಪ್ಪನ್ನು ಅರೆದು ಕೊಟ್ಟಿದ್ದರೆ ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತಿತ್ತು, ಅರ್ಧ ಪೊಟ್ಟಣ ಬೇರೆ ಗಿಡವಾಗಿದ್ದರೂ! ಇದನ್ನು ಹೇಳಿದಾಗ ತಾಯಿಯವರು ನಕ್ಕರು. ಆದರೆ ಅದೇ ಕಾಮಾಲೆ ‘ಬಿ’ ವೈರಾಣುವಿನದೋ, ಪಿತ್ತನಾಳದ ಅಡ್ಡಿಯದೋ ಆಗಿದ್ದು, ನಾವು ಪರೀಕ್ಷೆಗೆ ಹೋಗದೆ ಪೊಟ್ಟಣವನ್ನೇ ನಂಬಿ ಕುಳಿತಿದ್ದರೆ? ಆ ಮಾತಿಗೆ ಅವರು ನಗಲಿಲ್ಲ.

ಆ ಮಳೆಗಾಲದ ಕೊನೆಗೆ ನಮ್ಮ ತುಳಸಿಯ ಕುಂಡದಲ್ಲಿ ಒಂದು ನೆಲನೆಲ್ಲಿ ತಾನಾಗಿ ಹುಟ್ಟಿತು. ತಾಯಿಯವರು ಕೀಳಗೊಡಲಿಲ್ಲ. ಅದರ ಬೀಜದಿಂದ ಎದ್ದ ಈ ವರ್ಷದ ಸಸಿಯನ್ನು ಇಲ್ಲಿಗೆ ತಂದು ಮೇಜಿನ ಮೇಲೆ ಇಟ್ಟಿದ್ದೇವೆ, ಜೊತೆಗೊಂದು ಭೂತಗನ್ನಡಿಯೂ ಇದೆ. ಕಾರ್ಯದರ್ಶಿಗಳು ಚಹಾ ಸಿದ್ಧವೆಂದು ಸನ್ನೆ ಮಾಡುತ್ತಿದ್ದಾರೆ. ಚಹಾ ಮುಗಿಸಿ ಬಂದು, ಎಲೆಯನ್ನು ಮೆಲ್ಲನೆ ಮಗುಚಿ, ಎಸಳು ಐದೋ ಆರೋ ತಾವೇ ಎಣಿಸಿರಿ.